ವಾಪಸ್ ಬಾರದ ಚೆಂಡು

ಕೇಂದ್ರವೊಂದರಲ್ಲಿ ಟೀಚರ್ ಒಬ್ಬರು ಮಾತು ತಡವಾದ ಪುಟ್ಟ ಮಕ್ಕಳನ್ನು ಆಡಿಸುತ್ತಿದ್ದ ಕೋಣೆಯನ್ನು ಮುಚ್ಚಿ ಕಚೇರಿ ಮಾಡಲು ಹೊರಟಿದ್ದರು. ಕಪಾಟು ಕೂರಿಸಲು ಬಂದ ಬಡಗಿಯ ಕಿವಿಗೆ, ಹೊರಗಿನ ಬೆಂಚಿನಲ್ಲಿ ಅತ್ತೆ ಸೊಸೆ ಆಡುತ್ತಿದ್ದ ಮಾತು ಬಿತ್ತು. ಸೊಸೆಯ ಮಡಿಲಲ್ಲಿ ನಾಲ್ಕು ವರ್ಷದ ಮಗಳು ನಿದ್ದೆಹೋಗಿದ್ದಳು.

"ಅತ್ತೆ, ಇವತ್ತು ಟೀಚರ್ ಉರುಳಿಸಿದ ಚೆಂಡನ್ನ ಇವಳು ವಾಪಸ್ ಉರುಳಿಸಿದ್ಳು. ಮೂರು ಸಲ."

"ಮತ್ಯಾಕೆ ಮುಖ ಸಪ್ಪೆ ಮಾಡ್ಕೊಂಡಿದ್ದೀಯ?"

"ಎಂಟು ತಿಂಗಳಿಂದ ಮನೇಲಿ ನಾನೂ ಉರುಳಿಸ್ತಿದ್ದೀನಿ. ನನ್ನ ಕಡೆ ಒಂದ್ಸಲಾನೂ ಬರ್ಲಿಲ್ಲ."

"ನೀನು ಆಡಲ್ಲ ಕಣಮ್ಮ, ಪರೀಕ್ಷೆ ಮಾಡ್ತೀಯ. ಉಸಿರು ಬಿಗಿಹಿಡ್ಕೊಂಡು ಕೂತ್ರೆ ಮಗೂಗೆ ಗೊತ್ತಾಗಲ್ವಾ?"

ಸೊಸೆ ಮಗಳ ಹಣೆಯ ಮೇಲಿನ ಕೂದಲು ಸರಿಸಿದಳು.

"ಆಡೋದೇ ಮರೆತುಹೋಗಿದೆ ನಂಗೆ."

"ಟೀಚರನ್ನ ಕೇಳು, ಹೇಳ್ಕೊಡ್ತಾರೆ."

"ಅವರಿಗೆ ಇವತ್ತೇ ಕೊನೇ ದಿನ. ಇನ್ನೊಂದು ಕೇಂದ್ರ ಅಂದ್ರೆ ಎರಡು ಬಸ್ ಬದಲಾಯಿಸ್ಬೇಕು, ಆರು ತಿಂಗಳು ಕಾಯ್ಬೇಕು."

"ಹಾಗಾದ್ರೆ ಸಂಜೆ ನಾವಿಬ್ರೇ ಎದುರುಬದುರು ಕೂತು ಆಡೋಣ. ಅವಳು ನೋಡ್ಲಿ."

"ನಿಮ್ಮ ಮಂಡಿ ಮಡಚೋಕೇ ಬರಲ್ವಲ್ಲ, ಅತ್ತೆ."

"ಕಾಲು ಚಾಚ್ಕೊಂಡು ಕೂತ್ಕೋತೀನಿ. ಚೆಂಡಿಗೇನು, ಗೋಡೆ ಸಿಕ್ಕ ಹಾಗಾಗುತ್ತೆ."

ಸೊಸೆ ನಗಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು, ಇನ್ನೊಂದು ಕೈಯನ್ನು ಅತ್ತೆಗೆ ಕೊಟ್ಟಳು. ಅವರು ಮೆಟ್ಟಿಲಿಳಿದು ಮರೆಯಾಗುವವರೆಗೂ ಬಡಗಿ ಸುತ್ತಿಗೆ ಎತ್ತಲಿಲ್ಲ.