ಹಿಂದಿನ ಗೇಟಿನಿಂದ ಹೋದವಳು

ಹನುಮವ್ವನ ಹೆಣವನ್ನು ಹಿಂದಿನ ಗೇಟಿನಿಂದ, ಸಿಮೆಂಟು ಹೇರುವ ಟಂಟಂ ಗಾಡಿಯಲ್ಲಿ ಸಾಗಿಸಿದರು. ಆಕೆ ಆ ಅಪಾರ್ಟ್‌ಮೆಂಟಿನ ಮೆಟ್ಟಿಲು ಗುಡಿಸುತ್ತಿದ್ದವಳು. ಮೆಟ್ಟಿಲ ಕೆಳಗಿನ ಖೋಲಿಯಲ್ಲೇ ಸತ್ತಳು. ಅಂದು ಮೇಲಿನ ಮಹಡಿಯಲ್ಲಿ ಗೃಹಪ್ರವೇಶದ ಊಟ ನಡೆದಿತ್ತು. ಓಣಿಗೆ ಯಾರೂ ಹೇಳಲಿಲ್ಲ.

ಸೌಮ್ಯಾಳಿಗೆ ಇದು ತಿಳಿದದ್ದು ಹೋದ ಶ್ರಾವಣದ ಒಂದು ಸಂಜೆ, ಅದೇ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ. ಹೊರಗೆ ಹುಬ್ಬಳ್ಳಿಯ ಮಳೆ ಬಿಡದೆ ಸುರಿಯುತ್ತಿತ್ತು, ಕರೆಂಟು ಹೋಗಿತ್ತು. ವಾಚ್‌ಮನ್ ಮಕಬೂಲಸಾಬ ಮಧ್ಯಾಹ್ನ ತೀರಿಕೊಂಡು, ಹನುಮವ್ವನಿದ್ದ ಖೋಲಿಯಲ್ಲೇ ಮಲಗಿದ್ದ. ಮಗಳು ಮುಸರತ ಗದಗಿನಿಂದ ಬರಬೇಕು. ಓಣಿಯ ಹೆಂಗಸರು ಸೆರಗು ಹೊದ್ದು ಬಂದು ಸ್ಕೂಟರುಗಳ ನಡುವೆ ಕುಳಿತಿದ್ದರು. ಬಾಡಿಗೆಗೆ ಬಂದು ವರ್ಷ ತುಂಬದ ಸೌಮ್ಯಾಳಿಗೆ ಅವರ ಪರಿಚಯ ಅಷ್ಟಕ್ಕಷ್ಟೆ. ಈ ಊರಲ್ಲಿ ಆಕೆಯನ್ನು ಹೆಸರು ಹಿಡಿದು ಕೂಗಿದ ಮೊದಲಿಗ ಮಕಬೂಲಸಾಬನೇ.

"ಎಲ್ಲಾರೂ ಹಸದೀರಿ. ಒಂದೀಟು ಚಾ ಮಾಡ್ಕೊಂಡು ಬರ್ಲೇನ್ರಿ ಅಜ್ಜಿ?" ಎಂದು ಆಕೆ ಎದ್ದಾಗ, ಓಣಿಯಲ್ಲೇ ಹಿರಿಯಳಾದ ಈರವ್ವ ಕೈಹಿಡಿದು ಕೂರಿಸಿದಳು.

"ಕುಂಡರ ತಂಗಿ. ಈ ಓಣ್ಯಾಗ ಹೆಣಾ ಇದ್ದಾಗ ಯಾರ ಮನ್ಯಾಗೂ ಒಲಿ ಹೊತ್ತಂಗಿಲ್ಲ... ಐನಾರ ಮನಿ ಹೆಣಾ ಇರ್ಲಿ, ಸಾಬರ ಮನಿ ಹೆಣಾ ಇರ್ಲಿ. ಕೂಸು ಅತ್ತರ ಪಕ್ಕದ ಓಣ್ಯಾವರು ಹಾಲು ಕಾಸಿ ತರತಿದ್ರು. ಹೆಂಗಸರು ಬಾಗಲದಾಗ ನಿಂತು ಒಂದ ಮಾತು ಕೇಳೂದು... 'ಎವ್ವಾ, ಎತ್ತಿದ್ರೇನ?' ಹೆಣಾ ಎತ್ತ್ಯಾರ ಅಂದಮ್ಯಾಲನ ಕಡ್ಡಿ ಗೀರೂದು. ಓಣಿ ಅಂದ್ರ ಏನಂತ ತಿಳದೀ ನೀ? ಗಟಾರಾ? ಲೈಟಿನ ಕಂಬಾ? ಒಬ್ಬರ ಮನಿ ಹೆಣಕ್ಕ ಎಲ್ಲಾರ ಹೊಟ್ಟಿ ಹಸೀತಾವಲ್ಲ, ಅದನ ನೋಡವಾ ಓಣಿ.

"ಹನುಮವ್ವ ಸತ್ತ ದಿನಾ ನಾವೆಲ್ಲಾ ರೊಟ್ಟಿ ಬಡದ್ವಿ. ಗೊತ್ತ ಇಲ್ಲ ನಮಗ! ನನ್ನ ಒಲಿ ಮ್ಯಾಲ ಝುಣಕಾ ಬೇಯಾಕತ್ತಿತ್ತು, ಆಕಿ ಟಂಟಂನ್ಯಾಗ ತಾಡಪತ್ರಿ ಕೆಳಗ ಹೊಂಟಿದ್ಲು... ಮುಂದ ಹಿಂಗs ಒಂದು ಮಳಿ ದಿನಾ, ಇಲ್ಲೇ ಕುಂತಾಳಲ್ಲ, ಈ ನಾಗರತ್ನಾ ಗ್ಯಾಸ್ ಹಚ್ಚಿದ್ಲು. ಬೆನ್ನ ಹಿಂದ ಯಾರೋ ಕೇಳಿದ್ರು, 'ಎವ್ವಾ, ಎತ್ತಿದ್ರೇನ?' ಇಕಿ ತಿರಗಲಾರದ, 'ಯಾರನ್ನಬೇ?' ಅಂದ್ಲು.

"'ನನ್ನ' ಅಂತು ದನಿ."

ಈರವ್ವ ಸೆರಗು ಬಿಗಿದು ಮುಂದುವರಿಸಿದಳು.

"ನೋಡ್ತಾಳ, ಕೈಯಾಗ ಕಸಬರಗಿ ಹಿಡದು ಹನುಮವ್ವ ನಿಂತಾಳ. ಸಿಟ್ಟಿಲ್ಲ, ಅಳು ಇಲ್ಲ. ಖರೇನ ಕೇಳಾಕತ್ತಾಳ ಪಾಪ... ಹೆಗಲು ಕೊಟ್ಟಾವರಿಲ್ಲ, ಬಾಗಲದಾಗ ನಿಂತು ನೋಡಿದಾವರಿಲ್ಲ, ತಾ ಹೋಗೇನೋ ಇನ್ನೂ ಇದ್ದೇನೋ ಆಕಿಗೆ ಹೆಂಗ ತಿಳೀಬೇಕು? ಒಲಿ ತಾನs ಆರಿತು. ಆಮ್ಯಾಲ ನಮ್ಮನ್ಯಾಗ, ಆಮ್ಯಾಲ ಅಂಗಡಿ ಶಶಿಕುಮಾರನ ಮನ್ಯಾಗ..."

"ಸಿಲಿಂಡರ್ ಖಾಲಿ ಆಗಿರಬೇಕ ಬಿಡ ಅಜ್ಜಿ," ಎಂದ ಆಟೋ ಮೈಲಾರಿ, ಕಂಬಕ್ಕೆ ಒರಗಿಕೊಂಡು.

"ನಿನ್ನ ತಲಿ ಖಾಲಿ ಆಗೇತಿ, ಅದನ್ನ ತುಂಬಿಸ್ಕೊಂಡು ಬಾ ಹೋಗ."

ನಗು ಏಳುವಷ್ಟರಲ್ಲಿ ಬಸವಪ್ರಭು ಮೆಟ್ಟಿಲಿಳಿದು ಬಂದರು. ಸೌಮ್ಯಾಳ ಮನೆಯ ಮಾಲೀಕರು. ಅಪಾರ್ಟ್‌ಮೆಂಟಿನ ಸೆಕ್ರೆಟರಿಯೂ ಅವರೇ. ಅಂದು ಅವರ ಮಗಳನ್ನು ನೋಡಲು ಧಾರವಾಡದಿಂದ ಗಂಡಿನವರು ಬರುವವರಿದ್ದರು.

"ಅವರು ನವಲೂರ ದಾಟ್ಯಾರ. ಟಂಟಂ ಹಿಂದಿನ ಗೇಟಿಗೆ ಬಂದು ನಿಂತೈತಿ. ಮಸೂತಿಗೆ ಒಯ್ದುಬಿಡೂಣು, ಮಕಬೂಲನ ಮಗಳು ಅಲ್ಲೇ ಬರ್ಲಿ. ಸೌಮ್ಯಾ, ನೀ ಮ್ಯಾಲ ನಮ್ಮ ಮನಿಗೆ ಹೋಗಿ ಚಾಕ್ಕ ಇಡವಾ, ನಿಮ್ಮ ಕಾಕೂ ಒಬ್ಬಾಕಿನ ಅದಾಳ."

"ಪ್ರಭೂ," ಎಂದಳು ಈರವ್ವ, "ನಿಮ್ಮಪ್ಪನ್ನ ಎತ್ತಿದ ದಿನಾ ನಿನಗ ಮೊದಲನೇ ರೊಟ್ಟಿ ಬಂದಿದ್ದು ಈ ಮಕಬೂಲನ ಮನಿಯಿಂದಪ್ಪಾ."

"ಆ ಕಾಲ ಹೋತು ಅಜ್ಜಿ. ದೆವ್ವದ ಕತಿ ಹೇಳಿ ಮಂದಿ ತಲಿ ಕೆಡಸಬ್ಯಾಡ."

ಈರವ್ವ ಅವರತ್ತ ನೋಡಲಿಲ್ಲ. ಹೆಂಗಸರ ಕಡೆ ಮುಖ ಮಾಡಿ, ದನಿ ತಗ್ಗಿಸಿದಳು. "ಕತಿ ಆಗಿದ್ರ ಮುಗೀತಿತ್ತವಾ... ಮೊನ್ನಿ ಮಳ್ಯಾಗೂ ನನ್ನ ಕೇಳಿದ್ಲು. ಇವತ್ತ ಇವನ್ನೂ ಹಂಗs ಒಯ್ದ್ರ, ನಾಳಿ ನಿಮ್ಮ ಬೆನ್ನ ಹಿಂದ ಇಬ್ಬರು ಕೇಳ್ತಾರ."

"ಸೌಮ್ಯಾ, ಏಳವಾ ಲಗೂ," ಎಂದರು ಬಸವಪ್ರಭು. ದನಿ ಮೆತ್ತಗೇ ಇತ್ತು. "ಮನಿ ಕರಾರು ಮುಂದಿನ ತಿಂಗಳ ಮುಗೀತೈತಿ... ನೆನಪೈತಿಲ್ಲೋ?"

ನೆನಪಿತ್ತು. ಗಂಡ ತಾರಿಹಾಳದ ಕಾರಖಾನೆಯಲ್ಲಿ ಪಾಳಿಯ ಮೇಲಿದ್ದ. ಈ ಮನೆ ಸಿಗುವ ಮೊದಲು ಇಬ್ಬರೂ ಎಷ್ಟು ಬಾಗಿಲು ತಟ್ಟಿದ್ದರು, ಯಾವ ಯಾವ ಬಾಗಿಲಲ್ಲಿ ಜಾತಿ ಕೇಳಿಸಿಕೊಂಡಿದ್ದರು ಎಂಬುದೂ ನೆನಪಿತ್ತು. ಸೌಮ್ಯಾ ಎದ್ದಳು. ಮೆಟ್ಟಿಲು ಹತ್ತುತ್ತಾಳೆಂದು ಎಲ್ಲರೂ ಕಾಲು ಮಡಚಿ ದಾರಿ ಬಿಟ್ಟರು. ಆಕೆ ಮೆಟ್ಟಿಲ ಕೆಳಗಿನ ಖೋಲಿಗೆ ಹೋಗಿ, ಬಾಗಿಲಿಗೆ ಅಡ್ಡ ನಿಂತಳು.

"ನಾ ಒಲಿ ಹಚ್ಚಂಗಿಲ್ರಿ ಕಾಕಾ," ಎಂದಳು. "ಟಂಟಂ ವಾಪಸ್ ಕಳಸ್ರಿ."