ಹುಲ್ಲಿನೊಳಗಿನ ಸುಣ್ಣ

ಕೇಳ್ರಪ್ಪ, ಕಿವಿ ಇತ್ಲಾಗೆ ಕೊಡಿ. ನಮ್ಮದೂ ಅಲ್ಲ, ನಿಮ್ಮದೂ ಅಲ್ಲ, ಹೊಳೆ ಹೋಗಿ ಕಡಲು ಸೇರೋ ಕಡೆ ಒಂದು ಊರು. ಊರಿನ ಗದ್ದೆಯೆಲ್ಲ ಹುಳಿಮಣ್ಣು. ನೀರು ನಿಂತರೆ ಮೇಲೆ ಕೆಂಪು ಕೆನೆ. ಬತ್ತ ನೆಟ್ಟರೆ ಮೊಣಕಾಲೆತ್ತರಕ್ಕೇ ಹಳದಿ.

ಅಲ್ಲಿಗೆ ದುಗ್ಗಮ್ಮ ಅಂತ ಒಬ್ಬಳು ಬಂದಳು. ಗಂಡ ಸತ್ತವಳು, ಜೊತೆಗೆ ನಡೆಯಲಾರದ ಅತ್ತೆ. ಹೊಳೆಯ ಚಿಪ್ಪು ಆರಿಸಿ, ಗೂಡಿನಲ್ಲಿ ಇದ್ದಿಲ ಜೊತೆ ಸುಟ್ಟು ಸುಣ್ಣ ಮಾಡೋದು ಅವಳ ಕಸುಬು. ಯಾರಿಗೂ ಬೇಡವಾದ ತುಂಡು ಗದ್ದೆ ಅವಳ ಪಾಲಿಗೆ ಬಂತು. ಸುಣ್ಣಕ್ಕೆ ನೀರು ಹಾಕಿ ಅರಳಿಸಿದಳು, ಪುಡಿಯನ್ನು ಗದ್ದೆಗೆ ಎರಚಿದಳು. ಆ ವರ್ಷ ಊರಿಗೆಲ್ಲ ಹಳದಿ ಪೈರು, ಅವಳದೊಂದೇ ಹಸಿರು.

ಊರು ಖುಷಿಪಡಬೇಕಿತ್ತಲ್ಲವೆ? ಎಲ್ಲಿ ಬಂತು! ಪಕ್ಕದ ಗದ್ದೆ ಹೊನ್ನಯ್ಯನದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಗೂಡಿನ ಹೊಗೆ ಕಂಡು, ಹೆಣ ಸುಡ್ತಾಳೆ ಅಂದ. ಬಿಳಿ ಪುಡಿ ಕಂಡು, ಮಾಟದ ಬೂದಿ ಅಂದ. ತನ್ನ ಕರು ಸತ್ತಾಗ, ಅದೂ ಅವಳದೇ ಕೈ ಅಂದ. ಬಾವಿಕಟ್ಟೆಯ ಹೆಂಗಸರು ಅವಳನ್ನು ಕಂಡರೆ ಹಗ್ಗ ಎತ್ತಿಕೊಂಡು, ಅವಳ ಕೊಡ ಬಾವಿಗೆ ಇಳಿಯಗೊಡಲಿಲ್ಲ. ಕಡೆಗೆ ಊರಗೌಡ ಕರೆಸಿ, ಗೂಡು ಆರಿಸು, ಅಮಾಸೆಯೊಳಗೆ ಊರು ಬಿಡು ಅಂದ. ಅತ್ತೆಯನ್ನು ಹೊತ್ತು ಎಲ್ಲಿಗೆ ಹೋಗಲಿ? ಅಳುತ್ತಲೇ ಗಂಟು ಕಟ್ಟಿದಳು.

ಈಗ ಹೊನ್ನಯ್ಯನ ಬುದ್ಧಿ ನೋಡಿ. ಬೂದಿ ಕೆಟ್ಟದ್ದು, ಪೈರು ಮಾತ್ರ ಬೇಕು. ಅವಳು ನೀರಿಗೆ ಹೋದ ಹೊತ್ತಿಗೆ ಗೂಡಿನಲ್ಲಿ ಉಳಿದಿದ್ದ ಸುಟ್ಟ ಚಿಪ್ಪನ್ನು ಬುಟ್ಟಿ ತುಂಬಿ ಹೆಗಲಿಗೇರಿಸಿದ. ಕೊಟ್ಟಿಗೆಯ ಅಟ್ಟದಲ್ಲಿ ಹುಲ್ಲಿನೊಳಗೆ ಹೂತಿಟ್ಟ. ಅದು ಇನ್ನೂ ನೀರು ಕಾಣದ ಸುಣ್ಣ. ನೀರು ತಗುಲಿದರೆ ಕೆಂಡದ ಹಾಗೆ ಕಾಯುತ್ತೆ. ಅವನಿಗೇನು ಗೊತ್ತು?

ಮಾರನೆ ದಿನ ಮಳೆ. ಸೂರು ಸೋರಿತು, ಹುಲ್ಲು ಹೊಗೆಯಾಡಿತು, ಧಗ್ಗಂತ ಹತ್ತಿಕೊಂಡಿತು. ಒಳಗೆ ಕಟ್ಟಿದ ಹಸು ಅರಚಿತು. ಗಂಡಸರು ಬಾಗಿಲಲ್ಲೇ ನಿಂತರು. ದುಗ್ಗಮ್ಮ ಕುಡುಗೋಲು ಹಿಡಿದು ನುಗ್ಗಿದಳು, ಹಗ್ಗ ಕೊಯ್ದಳು, ಹಸುವನ್ನು ಹೊರಗೆಳೆದಳು. ಸೆರಗು ಸುಟ್ಟುಹೋಗಿತ್ತು.

ಹೊನ್ನಯ್ಯ ಹಸುವಿನ ಕಡೆ ತಿರುಗಿಯೂ ನೋಡಲಿಲ್ಲ. "ಇವಳ ಬೂದಿಯೇ ನನ್ನ ಕೊಟ್ಟಿಗೆ ಸುಟ್ಟಿದ್ದು" ಅಂದ.

ದುಗ್ಗಮ್ಮ ಉಸಿರು ಸುಧಾರಿಸಿಕೊಂಡು ಕೇಳಿದಳು: "ನನ್ನ ಬೂದಿ ನಿನ್ನ ಅಟ್ಟ ಹೇಗೆ ಹತ್ತಿತು, ಅಣ್ಣ?"

ಊರೆಲ್ಲ ಅವನ ಕಡೆ ತಿರುಗಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ಅವನ ಕೈ ತಾನಾಗೇ ಹೆಗಲೊರೆಸಿತು.

ಗೌಡ ತಲೆ ತಗ್ಗಿಸಿ, ಇಲ್ಲೇ ಇರವ್ವ ಅಂದ. "ಮೊದಲು ಬಾವಿಗೆ ನನ್ನ ಕೊಡ ಇಳಿಯಲಿ, ಆಮೇಲೆ ನೋಡೋಣ" ಅಂದಳು ಅವಳು. ಕೊಡ ಇಳಿಯಿತು. ಅವಳೂ ಉಳಿದಳು.

ಮುಂದಿನ ನಾಟಿಗೆ ಊರಿಗೆ ಊರೇ ಸುಣ್ಣ ಕೇಳಿ ಬಂತು. ಎಲ್ಲರ ಹಿಂದೆ ಹೊನ್ನಯ್ಯ. ಅವನಿಗೂ ಅರಳಿಸಿಯೇ ಕೊಟ್ಟಳು. ಗದ್ದೆಗೆ ಎರಚಿದ, ನಿಜ. ಆದರೆ ಹೊಗೆ ವಾಸನೆ ಬರುತ್ತಾ ಅಂತ ಒಂದೊಂದು ಹಿಡಿಯನ್ನೂ ಮೂಸಿ ನೋಡಿ ಎರಚಿದನಂತೆ.

ಹೇಳಿದ ಬಾಯಿ ಎಲೆ ಅಡಿಕೆ ಸುಣ್ಣಕ್ಕೆ ಕೆಂಪಾಗಲಿ, ಕೇಳಿದವರ ಗದ್ದೆ ಹಸಿರಾಗಲಿ.