ಎರಡನೇ ನಂಬರಿನ ಕೋಪ

ಬರ್ಕೋ ಅಂದೆನಲ್ಲ, ಪೆನ್ನು ಹಿಡ್ಕೊಂಡು ನನ್ನ ಮುಖ ಯಾಕೆ ನೋಡ್ತೀಯ? ಅಭಿಪ್ರಾಯ ಕೇಳೋಕೆ ತಾನೇ ಬಂದಿರೋದು? ಮುಂದಿನ ತಿಂಗಳಿಂದ ನಿಮ್ಮ ಚಾನೆಲ್‌ನವರು ತರ್ತಿರೋ ಹೊಸ ಕಾರ್ಯಕ್ರಮಗಳ ಪಟ್ಟಿ ಇದೆಯಲ್ಲ, ಅದು ದರಿದ್ರ! ಹೂಂ, ದರಿದ್ರ ಅಂತಲೇ ಬರಿ. ನಯ ನಾಜೂಕು ಮಾಡಬೇಡ.

ಒಂದರಲ್ಲಿ ಗಂಡ ಹೆಂಡ್ತಿ ವೇದಿಕೆ ಹತ್ತಿ ಜಗಳ ಆಡೋದು, ನಾವು ಕೂತು ನೋಡೋದು. ಅಯ್ಯೋ, ಪಕ್ಕದ ಮನೆ ಗೋಡೆಗೆ ಕಿವಿ ಕೊಟ್ರೆ ಅದು ಪುಕ್ಕಟೆ ಸಿಗತ್ತೆ! ಇನ್ನೊಂದರಲ್ಲಿ ಹಾಲುಹಲ್ಲು ಬೀಳದ ಮಕ್ಕಳು ಸೊಂಟ ಕುಣಿಸೋದು. ಮತ್ತೊಂದು ದೆವ್ವದ್ದು. ಜಾಹೀರಾತಲ್ಲಿ ಆ ದೆವ್ವದ ರವಿಕೆ ನೋಡಿದೆಯಾ? ಸತ್ತವಳಿಗೆ ಅಷ್ಟು ಚೆನ್ನಾಗಿ ತೋಳು ಕೂರಿಸಿದಾರೆ! ಮೂವತ್ತು ವರ್ಷ ರವಿಕೆ ಹೊಲಿದವಳು ನಾನು, ನನಗೇ ಹೊಟ್ಟೆಕಿಚ್ಚಾಯ್ತು... ಯಾಕೆ ನಗ್ತೀಯ? ನಾನಿಲ್ಲಿ ಉರಿದು ಬೀಳ್ತಿದೀನಿ, ಇವಳಿಗೆ ನಗು.

ಇವಕ್ಕೆಲ್ಲ ಜಾಗ ಮಾಡೋಕೆ ಏಳೂವರೆಯ ಲಾಯರಮ್ಮನ ಧಾರಾವಾಹಿ ಕಿತ್ತು ಹಾಕ್ತೀರಾ? ಆರು ವರ್ಷದಿಂದ ನಡೀತಿರೋದನ್ನ! ಯಾರಪ್ಪನ ಮನೆ ಗಂಟು ಹೋಗ್ತಿತ್ತು ಅದರಿಂದ?

ನನಗಲ್ಲ ಕಣಮ್ಮ. ಮೂಗು ಮೇಲೆತ್ಕೊಂಡು ಮಾತಾಡೋ ಆ ಲಾಯರಮ್ಮನ್ನ ಕಂಡ್ರೇ ನನಗಾಗಲ್ಲ. ಆದ್ರೆ ನನ್ನ ತಂಗಿಗೆ ಅದಂದ್ರೆ ಪ್ರಾಣ. ಟಿವಿ ಕೆಳಗೆ ನಿಮ್ಮವರೇ ಕೂರಿಸಿದ ಪೆಟ್ಟಿಗೆ ಇದೆಯಲ್ಲ, ಯಾರು ನೋಡ್ತಿದಾರೋ ಅವರವರ ಗುಂಡಿ ಒತ್ತಬೇಕು ಅಂತ? ಅದರಲ್ಲಿ ಒಂದನೇ ನಂಬರು ನಾನು, ಎರಡನೇದು ಅವಳು. ಈ ಕಡೆ ಹೊಲಿಗೆ ಮಿಷನ್ನು ನಂದು, ಆ ಕಡೇದು ಅವಳದು. ಏಳೂವರೆ ಆಯ್ತೋ, ಎರಡೂ ಗಪ್. ಕೋರ್ಟು ಶುರುವಾದ್ರೆ ಅವಳದೊಂದು ಪಕ್ಷ, ನನ್ನದೊಂದು ಪಕ್ಷ. ಕತ್ತರಿ ಕುಟ್ಟಿ ಕುಟ್ಟಿ ವಾದ ಮಾಡ್ತಾಳೆ ಮಾರಾಯ್ತಿ! ಎರಡನೇ ನಂಬರಿಗೆ ಕೋಪ ಬಂದಿದೆ ಅಂತ ಬರಿ. ದೊಡ್ಡದಾಗಿ ಬರಿ.

ಏನು, ಅವಳ ಬಾಯಿಂದಲೇ ಕೇಳಬೇಕಾ? ಅವಳು... ದಾರ ತರೋಕೆ ಪೇಟೆಗೆ ಹೋಗಿದಾಳೆ. ಕಾಯ್ತೀಯಾ? ಬೇಡ ಬೇಡ. ಸ್ನಾನಕ್ಕೆ ಹೋದ್ರೆ ಅವಳು ಬೇಗ ಹೊರಗೆ ಬರೋಳಲ್ಲ... ಪೇಟೆಗೆ ಅಂದೆನಾ? ಹೂಂ, ಪೇಟೆಯಿಂದ ಬಂದ ಮೇಲೆ ಸ್ನಾನ. ಏನಮ್ಮ, ಪೊಲೀಸಿನವಳ ಥರ ಕೇಳ್ತೀಯ!

ಏ, ಆ ಮಿಷನ್ನಿನ ಮೇಲಿನ ಬಟ್ಟೆ ಯಾಕೆ ಎತ್ತಿದೆ? ಬಿಡು ಅದನ್ನ! ಧೂಳು ಎಲ್ಲರ ಮನೇಲೂ ಕೂರತ್ತೆ. ಸೂಜಿ ತುಕ್ಕು ಹಿಡಿದಿದ್ರೆ ನಿನಗೇನು ಕಷ್ಟ?

ಈಗ ಆ ಹಾಳೆ ಯಾಕೆ ತೆಗೆದೆ? ಪೆಟ್ಟಿಗೆ ಲೆಕ್ಕ ಇಟ್ಟಿದೆಯಾ? ಇಟ್ಕೊಳ್ಳಲಿ. ಎಂಟು ತಿಂಗಳು, ದಿನಾ ಏಳೂವರೆ, ಎರಡು ಗುಂಡಿಯೂ ಒಂದೇ ಕ್ಷಣಕ್ಕೆ... ಒಟ್ಟಿಗೆ ಕೂರ್ತೀವಿ, ಒಟ್ಟಿಗೆ ಒತ್ತುತೀವಿ. ಅಕ್ಕ ತಂಗಿ ಅಂದ್ರೆ ಹಾಗೇ. ತಪ್ಪೇನು?

ಮತ್ತೆ ಆ ಮಿಷನ್ನಿನ ಕಡೆ ಯಾಕೆ ನೋಡ್ತೀಯ?

ನೋಡ್ಬೇಡ ಅಂದೆನಲ್ಲ!

ಥೂ. ಇಲ್ಲ ಅವಳು. ಸಾಕಾ? ಎಂಟು ತಿಂಗಳ ಹಿಂದೆ, ಲಾಯರಮ್ಮನ ನಡುವೆ ಜಾಹೀರಾತು ಬಂದಾಗ ಹೇಳಿದ್ಳು, ಆ ವೈರಿಂಗ್ ಕೆಲಸದವನನ್ನ ಮದುವೆ ಆಗ್ತೀನಕ್ಕ ಅಂತ. ನಲವತ್ತಕ್ಕೆ! ನನ್ನನ್ನ ಒಬ್ಬಳೇ ಬಿಟ್ಟು! ಹೋಗೋದಾದ್ರೆ ಹೋಗು, ಮತ್ತೆ ಈ ಹೊಸ್ತಿಲು ತುಳೀಬೇಡ ಅಂದೆ. ಬಾಯಿಗೆ ಬಂದದ್ದು ಅಂದೆ. ಜಾಹೀರಾತು ಮುಗಿಯೋದ್ರೊಳಗೆ ಚೀಲ ತಗೊಂಡು ಹೋಗೇ ಬಿಟ್ಳು. ಈ ಪೆಟ್ಟಿಗೆ ದೀಪ ಮಿನುಗಿಸೋಕೆ ಶುರು ಮಾಡ್ತು, ಯಾರ್ಯಾರಿದೀರಿ ಅಂತ. ಎರಡೂ ಒತ್ತಿದೆ.

ಫೋನು ಮಾಡೋಕೆ ಅವಳಿಗೂ ಬಿಗುಮಾನ, ನನಗೂ ಬಿಗುಮಾನ. ಆದ್ರೆ ಅಲ್ಲಿ ಅವಳೂ ಏಳೂವರೆಗೆ ಲಾಯರಮ್ಮನ್ನ ಹಾಕ್ತಾಳೆ, ನನಗೆ ಗೊತ್ತು. ದಿನಕ್ಕೆ ಅರ್ಧ ಗಂಟೆ ಇಬ್ರೂ ಒಂದೇ ಮುಖ ನೋಡ್ತಿರ್ತೀವಿ. ಅದನ್ನೂ ಕಿತ್ಕೊಂಡ್ರೆ ನಾನೇನು ಮಾಡಲಿ ಹೇಳು?

ಏನು ಹೊಡೆದು ಹಾಕ್ತಿದೀಯ, ಎರಡನೇ ನಂಬರಾ? ಹೊಡಿ. ಇಲ್ಲದವಳ ಹೆಸರಲ್ಲಿ ಸುಳ್ಳು ಯಾಕೆ. ಆದ್ರೆ ಒಂದನೇ ನಂಬರಿನ ಕೆಳಗೆ ಬರಿ, ಲಾಯರಮ್ಮ ಬೇಕು ಅಂತ. ನನಗೇ ಬೇಕು. ಬರ್ಕೋ.